ಗೊಡ್ಡು ಆಕಳ ಕೊಂಬಿನ ರೇಡಿಯಂ

ಇದು ಆಗುವ ಮಾತಲ್ಲ ಎಂದವರು ನಮ್ಮ ಅತ್ತೆ. ಹಿತ್ತಲ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತ, ಮುಖ ಕೂಡ ಎತ್ತದೆ ಅಂದಿದ್ದರು: "ಊರ ಮಂದಿ ತಮ್ಮ ತಲಿಗೆ ಹೆಲ್ಮೆಟ್ ಹಾಕ್ಕೊಳ್ಳಂಗಿಲ್ಲ. ದನಕ್ಕ ರೇಡಿಯಂ ಕಟ್ತಾರೇನವಾ? ಆಗಲ್ಲ ಬಿಡು."

ರೇಡಿಯಂ ಎಂದರೆ ಲಾರಿಗಳ ಹಿಂದೆ ಅಂಟಿಸಿರುತ್ತಾರಲ್ಲ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಅದು. ಅದನ್ನು ನಮ್ಮೂರ ದನಗಳಿಗೂ ಕಟ್ಟಬೇಕು ಎಂಬುದು ನನ್ನ ಹಟವಾಗಿತ್ತು. ನಮ್ಮೂರು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಗಿದೆ. ಅದಿರಿನ ಲಾರಿಗಳು ಓಡಾಡುವ ರಸ್ತೆ. ಮಳೆಗಾಲದಲ್ಲಿ ಕೊಟ್ಟಿಗೆ, ಬಯಲು ಎಲ್ಲ ರಾಡಿಯಾದಾಗ ದನಗಳು ಹೋಗಿ ಡಾಂಬರಿನ ಮೇಲೆ ಮಲಗುತ್ತವೆ. ಅಲ್ಲಿ ಒಣಗಿರುತ್ತದೆ, ಬೆಚ್ಚಗಿರುತ್ತದೆ, ಲಾರಿಗಳ ಗಾಳಿಗೆ ನೊಣ ಹತ್ತಿರ ಬರುವುದಿಲ್ಲ. ಒಂದು ಬೆಳಿಗ್ಗೆ ನಾನು ಪಾಠ ಹೇಳುವ ಶಾಲೆಗೆ ಹೋಗಲು ಬಸ್ಸಿಗೆ ನಿಂತಾಗ ಪಕ್ಕದ ಮನೆಯವರ ಗಬ್ಬದ ಆಕಳು ರಸ್ತೆಯ ಅಂಚಿನಲ್ಲಿ ಸತ್ತು ಬಿದ್ದಿತ್ತು. ಅದರ ಯಜಮಾನ ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಬಸ್ಸು ಬಂದು ನಿಂತಿತು, ಹೋಯಿತು. ನಾನು ಹತ್ತಲಿಲ್ಲ.

ಅಂದಿನಿಂದ ನನಗೆ ಎರಡು ಬೇಕಾಗಿದ್ದವು. ನಮ್ಮೂರ ದನಗಳು ರಸ್ತೆಯಲ್ಲಿ ಸಾಯಬಾರದು. ಮತ್ತು, ಇದನ್ನು ಮಾಡಿದಾಕೆ ಇವಳೇ ಎಂದು ನಾಲ್ಕು ಜನ ನನ್ನ ಕಡೆ ಕೈ ತೋರಿಸಬೇಕು. ಎರಡನೆಯದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ನನ್ನ ತವರು ಕಂಪ್ಲಿ ತಾಲೂಕಿನ ಮೆಟ್ರಿಯ ಕಡೆ. ಅಪ್ಪ ಕಬ್ಬು ಕಡಿಯಲು ಹೋಗುತ್ತಿದ್ದ, ಅವ್ವ ಭತ್ತದ ನಾಟಿಗೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಓದಿದ್ದೇನೆ. ರಸಾಯನಶಾಸ್ತ್ರದಲ್ಲಿ ಮೊದಲ ಸಲ ಫೇಲಾದಾಗ ದೊಡ್ಡಪ್ಪ, ಇನ್ನು ಸಾಕು, ಲಗ್ನ ಮಾಡಿ ಕೈ ತೊಳಕೊಳ್ಳಿ ಎಂದಿದ್ದ. ಲಗ್ನವೂ ಆಯಿತು, ಪರೀಕ್ಷೆಯೂ ಆಯಿತು. ಕೊನೆಯ ವರ್ಷದ್ದನ್ನು ಗಂಡನ ಮನೆಯಿಂದಲೇ ಬರೆದೆ. ಆ ದಿನಗಳಲ್ಲಿ ನನ್ನ ಪಾಲಿನ ಮುಸುರೆಯನ್ನು ಅತ್ತೆ ತಿಕ್ಕಿದರು. ತಿಕ್ಕಿದ್ದನ್ನು ಊರೆಲ್ಲ ಹೇಳಿಕೊಂಡೂ ಬಂದರು. ಈಗ ಹೊಸಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮನೆಯಲ್ಲಿ ಏನಾದರೂ ಓದುವುದಿದ್ದರೆ, ಕರೆಂಟ್ ಬಿಲ್ಲಾಗಲಿ ಔಷಧಿ ಡಬ್ಬಿಯಾಗಲಿ, ಅದು ನನ್ನ ಕೈಗೇ ಬರುತ್ತದೆ. ಅದು ನನಗೆ ಹೆಮ್ಮೆಯ ವಿಷಯ.

ಹೀಗಾಗಿ ದನಗಳ ಕೆಲಸವನ್ನೂ ಓದಿದವಳ ರೀತಿಯಲ್ಲೇ ಶುರುಮಾಡಿದೆ. ಫೇಸ್‌ಬುಕ್ಕಿನಲ್ಲಿ ಬರೆದೆ. ಬೆಳಕು ಹೇಗೆ ಪ್ರತಿಫಲಿಸುತ್ತದೆ, ತುಂಬಿದ ಲಾರಿ ಬ್ರೇಕು ಹಾಕಿದ ಮೇಲೂ ಯಾಕೆ ಅಷ್ಟು ದೂರ ಹೋಗಿ ನಿಲ್ಲುತ್ತದೆ, ಎಲ್ಲವನ್ನೂ ತಪ್ಪಿಲ್ಲದ ಕನ್ನಡದಲ್ಲಿ, ಪ್ಯಾರಾ ಮಾಡಿ ಬರೆದೆ. ನನ್ನ ಶಾಲೆಯ ಟೀಚರುಗಳು ಕೈಮುಗಿಯುವ ಚಿತ್ರ ಹಾಕಿದರು. ದನ ಕಟ್ಟುವವರು ಒಬ್ಬರೂ ಓದಲಿಲ್ಲ.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ನಂಬರ್ ಪ್ಲೇಟ್ ಬರೆಯುವ ಅಂಗಡಿ ಇದೆ. ಅಲ್ಲಿ ಕತ್ತರಿಸಿ ಉಳಿದ ರೇಡಿಯಂ ತುಂಡುಗಳನ್ನು ಕೇಳಿ ತಂದೆ. ಹಳೆ ಸೀರೆಯ ಅಂಚು ಹರಿದು, ಅದರ ಮೇಲೆ ತುಂಡುಗಳನ್ನಿಟ್ಟು ಹೊಲಿದೆ. ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತ ಹೊಲಿದ ಆ ಪಟ್ಟಿಗಳನ್ನು ಭಾನುವಾರಗಳಂದು ಮನೆಮನೆಗೆ ಹೋಗಿ ದನಗಳ ಕೊರಳಿಗೆ ಕಟ್ಟಿ ಬಂದೆ.

ಆಮೇಲೆ ಆದದ್ದು ನಮ್ಮೂರಲ್ಲಿ ಮಾತ್ರ ಆಗುವಂಥದ್ದು. ಬೀಡಾಡಿ ದನಗಳನ್ನು ಕೂಡಿಹಾಕಿ ದಂಡ ಕಟ್ಟಿಸಿಕೊಳ್ಳುವ ಬಂದೀದೊಡ್ಡಿಯ ನೆನಪು ಇಲ್ಲಿ ಇನ್ನೂ ಯಾರಿಗೂ ಹೋಗಿಲ್ಲ. ಊರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಧ್ವನಿ ಸಂದೇಶ ಬಿಟ್ಟರು: ಪಟ್ಟಿ ಕಟ್ಟಿದ ದನಗಳನ್ನು ಗುರುತು ಹಿಡಿದು ಒಯ್ಯುತ್ತಾರಂತೆ, ಮೇಡಂ ಕೈಲಿ ಮೇಲಿನವರೇ ಕಟ್ಟಿಸಿದ್ದಾರಂತೆ. ನನ್ನ ಉದ್ದನೆಯ ಪ್ಯಾರಾಗಳನ್ನು ಓದದ ಮಂದಿ ಅದನ್ನು ಬಾಯಿಪಾಠ ಮಾಡಿಕೊಂಡರು. ಸಂಜೆಯೊಳಗೆ ಪಟ್ಟಿಗಳೆಲ್ಲ ಕುಡುಗೋಲಿಗೆ ಹೋದವು. ಒಬ್ಬ ಮಾತ್ರ ಹೊಳೆಯುತ್ತದಲ್ಲ ಎಂದು ತನ್ನ ಸೈಕಲ್ಲಿನ ಕ್ಯಾರಿಯರಿಗೆ ಸುತ್ತಿಕೊಂಡ. ಅತ್ತೆ ಅದನ್ನು ನೋಡಿ ಬಂದು, ನಿನ್ನ ಆಕಳು ಬೆಲ್ ಹೊಡಕೊಂತ ಹೊಂಟಿತ್ತು ನೋಡು ಎಂದರು.

ಆ ಮಳೆಗಾಲದಲ್ಲಿ ಮತ್ತೂ ಕೆಲವು ದನಗಳು ಹೋದವು.

ಇನ್ನು ನನ್ನ ನೆಗೆಣ್ಣಿಯ ಮಾತು. ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ಹೊಸಪೇಟೆಯಲ್ಲಿ ಬೆಳೆದವಳು. ಪಿಯುಸಿ ಮುಗಿಸಿ ಸಾಕೆಂದು ತಾನೇ ಬಿಟ್ಟವಳು. ಓದಬೇಕೆಂದರೆ ಓದಿಸುವ ಮನೆಯಲ್ಲಿ ಹುಟ್ಟಿಯೂ ಬಿಟ್ಟವಳು. ಫೋನು ಕೈಬಿಟ್ಟು ಇರುವವಳಲ್ಲ. ಹಂಪಿಗೆ ಹೋದರೆ ಕಲ್ಲುಮಂಟಪದ ಮುಂದೆ ಸೀರೆಯ ಸೆರಗು ಹಾರಿಸಿ ರೀಲು ಮಾಡುತ್ತಾಳೆ. ಮಿರ್ಚಿ ಕರಿದರೂ ರೀಲು, ಮಳೆ ಬಂದರೂ ರೀಲು. ಮಾತಿಗೆ ನಿಂತರೆ ಗೋಡೆಯೂ ಹೂಂಗುಡಬೇಕು. ಊರಿನ ಹೆಣ್ಣುಮಕ್ಕಳು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಾರೆ, ಅವಳನ್ನು ಕಂಡರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ. ಎರಡೂ ಮರ್ಯಾದೆಯೇ ಎಂದು ನನ್ನ ಗಂಡ ಸಮಾಧಾನ ಹೇಳುತ್ತಾನೆ. ಅವನಿಗೇನು ಗೊತ್ತು.

ಮರುವರ್ಷ ಕಾರಹುಣ್ಣಿಮೆ ಹತ್ತಿರ ಬಂದಾಗ, ರೊಟ್ಟಿ ತಟ್ಟುತ್ತ ನಾನೇ ಅಂದೆ: ಕೊರಳಿಗೆ ಕಟ್ಟಿದ್ದು ತಪ್ಪಾಯಿತು, ಮಲಗಿದ ದನದ ಕೊರಳು ಕಾಣುವುದಿಲ್ಲ, ಕೊಂಬು ಕಾಣುತ್ತದೆ. ಕಾರಹುಣ್ಣಿಮೆಗೆ ಹೇಗೂ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಬಣ್ಣದ ಮೇಲೆ ಒಂದು ಸುತ್ತು ರೇಡಿಯಂ ಅಂಟಿಸಿದರೆ ಅದನ್ನು ಕಿತ್ತು ಹಾಕಲು ಯಾರಿಗೂ ಕೈ ಬರುವುದಿಲ್ಲ, ಹಬ್ಬದ ಶಾಸ್ತ್ರ ಅದು. ಇಷ್ಟನ್ನೂ ನಾನು ಹೇಳಿದ್ದು. ಒಲೆಯ ಮುಂದೆ, ಹಿಟ್ಟಿನ ಕೈಯಲ್ಲಿ. ನೆಗೆಣ್ಣಿ ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

ಹಬ್ಬದ ದಿನ ಅವಳು ಎತ್ತುಗಳ ತಂಟೆಗೇ ಹೋಗಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಊರಲ್ಲಿ ಎತ್ತುಗಳಾದರೂ ಎಷ್ಟಿವೆ. ನಮ್ಮ ಕೊಟ್ಟಿಗೆಯ ಗೊಡ್ಡು ಆಕಳನ್ನು ಅಂಗಳಕ್ಕೆ ತಂದು ನಿಲ್ಲಿಸಿದಳು. ಕರು ಹಾಕದ, ಹಾಲು ಕೊಡದ, ಅಟ್ಟಿದರೆ ರಸ್ತೆಗೇ ಹೋಗಿ ಮಲಗುವ ಆಕಳು ಅದು. ಅಂಥದಕ್ಕೆ ಕಾರಹುಣ್ಣಿಮೆಯ ಬಣ್ಣ ಹಚ್ಚುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಮೈಮೇಲಿನ ಕೆಂಪು ಅದಿರಿನ ಧೂಳು ತೊಳೆದಾಗ ಅದು ಬಿಳಿ ಆಕಳು ಎಂದು ನಮಗೇ ಮತ್ತೆ ನೆನಪಾಯಿತು. ಅರಿಶಿನ ಹಚ್ಚಿ, ಕೊಂಬಿಗೆ ಹಸಿರು ಬಣ್ಣ ಬಳಿದು, ಮೇಲೆ ಬೆಳ್ಳಿಬಣ್ಣದ ರೇಡಿಯಂ ಸುತ್ತಿದಳು. ಮದುಮಗಳಿಗೆ ಹೇಳಿದ ಹಾಗೆ ಅದರ ಕಿವಿಯಲ್ಲಿ ಬುದ್ಧಿ ಹೇಳಿದಳು: "ಅಕ್ಕಾ, ಬಿಸಲಾಗ ಅಡ್ಡಾಡು, ಮಳ್ಯಾಗ ಅಡ್ಡಾಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಲಾರಿಯಣ್ಣಗ ನಿನ್ನ ವಾಲಿ ಕಾಣಬೇಕವಾ. ಅಂವಗೂ ಮನ್ಯಾಗ ಅವ್ವ ಇರ್ತಾಳ." ವಾಲಿ ಎಂದರೆ ಕಿವಿಯೋಲೆ; ಕೊಂಬಿನ ರೇಡಿಯಮ್ಮಿಗೆ ಅವಳಿಟ್ಟ ಹೆಸರು ಅದು.

ಇಷ್ಟನ್ನೂ ಫೋನಿನಲ್ಲಿ ರೀಲು ಮಾಡಿಕೊಂಡು, ಸಂಜೆ ಮೈದುನನ ಬೈಕಿನ ಹೆಡ್‌ಲೈಟ್ ಹಾಕಿಸಿ, ಮಬ್ಬಿನಲ್ಲಿ ಎರಡು ಕೊಂಬು ಹೊಳೆಯುವುದನ್ನು ಕೊನೆಗೆ ಸೇರಿಸಿದಳು.

ಅದು ಹೋಯಿತು ನೋಡಿ. ಲಾರಿ ಡ್ರೈವರುಗಳು ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಸಂಡೂರಿನ ಕಡೆಯ ಒಬ್ಬ ಲಾರಿ ನಿಲ್ಲಿಸಿ ಇಳಿದು ಬಂದು, ವಾಲಿ ಹಾಕ್ಕೊಂಡ ಆಕಳ ಮನಿ ಇದೇ ಏನ್ರಿ ಎಂದು ನನ್ನನ್ನೇ ಕೇಳಿದ. ಹೌದು ಎಂದೆ. ಆ ಅಕ್ಕಾರು ನೀವೇ ಏನ್ರಿ ಎಂದ. ಅಲ್ಲ ಎಂದೆ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಮೆಟ್ರಿಯಿಂದ ಅವ್ವನ ಫೋನು ಬಂದಾಗ. ಅವಳ ಫೋನಿಗೂ ಯಾರೋ ಅದನ್ನು ಕಳಿಸಿದ್ದರು. "ನಿನ್ನ ನೆಗೆಣ್ಣಿ ಭಾಳ ಶಾಣ್ಯಾಕಿ ಅದಾಳ ನೋಡು," ಎಂದಳು ಅವ್ವ. "ಆಕಳ ಸಂಗಾಟ ಏನು ಮಾತಾಡ್ತಾಳ ತಾಯಿ. ನೀನೂ ಅಕಿ ಹಂತ್ಯಾಕ ಒಂದಿಷ್ಟು ಕಲಕೋಬಾರದಾ?" ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡಿ ನನ್ನನ್ನು ಓದಿಸಿದವಳು. ಆಯ್ತವಾ ಎಂದು ಫೋನಿಟ್ಟೆ.

ಅಂದೇ ಅಡುಗೆಮನೆಯಲ್ಲಿ ನೆಗೆಣ್ಣಿಗೆ ನೇರವಾಗಿ ಅಂದೆ: "ಕೊಂಬಿನ ಮಾತು ನಾನು ಹೇಳಿದ್ದು."

"ಹೌದಕ್ಕಾ, ನೀವೇ ಹೇಳಿದ್ದು," ಎಂದಳು ಆಕೆ, ಒಂದಿಷ್ಟೂ ತಡವರಿಸದೆ. "ವಿಡಿಯೋದಾಗ ಬರ್ರಿ ಅಂತ ಕರದೆ. ನೋಟ್ಸ್ ತಿದ್ದೂದೈತಿ ಅಂದ್ರಿ."

ಕರೆದಿದ್ದಳು, ಸುಳ್ಳಲ್ಲ. ಮಕ್ಕಳ ನೋಟ್ಸ್ ಇದ್ದದ್ದೂ ಸುಳ್ಳಲ್ಲ. ಮೇಡಂ ಅನ್ನಿಸಿಕೊಂಡವಳು ಆಕಳ ಕಿವಿಯಲ್ಲಿ ಪಿಸುಗುಟ್ಟುತ್ತ ಊರ ಮುಂದೆ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಅವಳಿಂದ ಆಗುತ್ತದೆ. ಹೊಟ್ಟೆಕಿಚ್ಚು ಅಲ್ಲೇ ಇರುವುದು. ಅವಳು ನನ್ನ ಮಾತನ್ನು ಕದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳು ಕದಿಯಲಿಲ್ಲ. ನನ್ನ ಮಾತಿಗೆ ನನ್ನ ಹತ್ತಿರ ಇಲ್ಲದ ಏನನ್ನೋ ಸೇರಿಸಿದಳು, ಆಮೇಲೆ ಅದು ಓಡಿತು. ಮನೆಯವರೆಲ್ಲ ಆ ರೀಲಿಗೆ ಕೆಂಪು ಹೃದಯ ಒತ್ತಿದರು, ನನ್ನ ಗಂಡನೂ ಸೇರಿ. ನಾನು ಇವತ್ತಿಗೂ ಒತ್ತಿಲ್ಲ.

ಕೆಲಸವಂತೂ ಆಯಿತು. ನಮ್ಮೂರವರೇ ಬಂದು, ನಮ್ಮ ಆಕಳಿಗೂ ವಾಲಿ ಹಾಕ್ರಿ ಎಂದು ಕೇಳಿದರು. ಗೊಡ್ಡು ದನ, ಹೋರಿಗರು, ಯಾವುದನ್ನೂ ಬಿಡಲಿಲ್ಲ. ಕಂಪ್ಲಿ ಕಡೆಯಿಂದ, ದರೋಜಿ ಕಡೆಯಿಂದ ತಾವೂ ಹಚ್ಚಿದ ಫೋಟೋ ಕಳಿಸಿದರು. ಬಂದೀದೊಡ್ಡಿಯ ಮಾತು ಒಬ್ಬರೂ ಎತ್ತಲಿಲ್ಲ. ರೇಡಿಯಂ ಅಂಗಡಿಯವನು, ನಿಮ್ಮ ನೆಗೆಣ್ಣಿಯವರ ಪುಣ್ಯ ಎಂದು ತುಂಡುಗಳನ್ನು ಚೀಲದಲ್ಲಿ ತುಂಬಿ ಕೊಟ್ಟ. ಆ ಚೀಲ ಹೊತ್ತುಕೊಂಡು ಬಸ್ಸು ಹತ್ತಿದವಳು ನಾನು.

ಆದರೆ ರೀಲಿನಲ್ಲಿ ಕಾಣದ ಒಂದು ಸಂಗತಿ ಇತ್ತು: ಧೂಳು. ಅದಿರಿನ ಧೂಳು ನಮ್ಮೂರಲ್ಲಿ ಅನ್ನದ ಮೇಲೂ ಕೂರುತ್ತದೆ, ಕೊಂಬನ್ನು ಬಿಡುತ್ತದೆಯೇ. ಕೆಲವೇ ದಿನಗಳಲ್ಲಿ ರೇಡಿಯಂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬೆಳಕು ಬಿಟ್ಟರೂ ಹೊಳೆಯಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಬೇಕು, ಮತ್ತೆ ಮತ್ತೆ ಒರೆಸಬೇಕು. ಒರೆಸುವುದನ್ನು ಯಾರು ರೀಲು ಮಾಡುತ್ತಾರೆ. ಶಾಲೆಯಿಂದ ಬಂದು, ಹೊತ್ತು ಮುಳುಗುವ ಮೊದಲು ಒಂದು ತಂಬಿಗೆ ನೀರು, ಒಂದು ಚಿಂದಿ ಹಿಡಿದು ರಸ್ತೆಗೆ ಹೋಗುತ್ತಿದ್ದೆ. ಮಳೆ ಬಂದರೆ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು. ಒಂದು ಸಲ ಗೊಡ್ಡು ಆಕಳು ತಲೆ ಕೊಡವಿ ನನ್ನ ಕೈಗೆ ಕೊಂಬು ತಾಗಿಸಿತು. ಮರುದಿನ ನೋಡಿದರೆ ಅತ್ತೆ ತಮ್ಮ ಹಳೆ ಕುಬಸ ಹರಿದುಕೊಂಡು ನನಗಿಂತ ಮುಂಚೆ ರಸ್ತೆಯಲ್ಲಿದ್ದರು. ಒಂದು ಕೈಯಲ್ಲಿ ಆಕಳ ಕಿವಿ ಹಿಡಿದು, ಇನ್ನೊಂದು ಕೈಯಲ್ಲಿ ಹಂಡೆ ಬೆಳಗಿದ ಹಾಗೆ ಬೆಳಗುತ್ತಿದ್ದರು. ಆ ಮಳೆಗಾಲ ನಮ್ಮೂರ ಒಂದು ದನವೂ ರಸ್ತೆಯಲ್ಲಿ ಸಾಯಲಿಲ್ಲ.

ದೀಪಾವಳಿ ಕಳೆದ ಮೇಲೆ ಹೊಸಪೇಟೆಯಲ್ಲಿ ಬೀದಿನಾಯಿಗಳಿಗೆ ಔಷಧಿ ಹಾಕಿಸುವ ಒಂದು ಸಣ್ಣ ಗುಂಪಿನವರು ನೆಗೆಣ್ಣಿಗೆ ಫೋನು ಮಾಡಿದರು. ಸನ್ಮಾನ ಮಾಡುತ್ತಾರಂತೆ, ಸರ್ಟಿಫಿಕೇಟ್ ಕೊಡುತ್ತಾರಂತೆ. ಮನೆಯವರೆಲ್ಲ ಹೋದೆವು. ನಾನು ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ಎಲ್ಲಾದರೂ ಒಂದು ಮಾತಿನಲ್ಲಿ ನನ್ನ ಹೆಸರು ಬಂದೀತು ಎಂಬ ಆಸೆ ಇತ್ತು.

ನೆಗೆಣ್ಣಿ ಮೈಕಿನ ಮುಂದೆ ಚೆನ್ನಾಗಿ ಮಾತಾಡಿದಳು. ಫೋನು ಎಲ್ಲರ ಕೈಲಿದೆ, ಅದರಲ್ಲಿ ಬೈದಾಟ ಕಳಿಸುವ ಬದಲು ಇಂಥದ್ದನ್ನು ಕಳಿಸಿ ಎಂದಳು. ಚಪ್ಪಾಳೆ ಬಿತ್ತು. ಕೊನೆಗೆ, ಇದಕ್ಕೆಲ್ಲ ನಮ್ಮ ಮನೆಯವರ ಸಹಕಾರ ಕಾರಣ ಎಂದಳು. ಆ ಮನೆಯವರು ಎಂಬ ಒಂದು ಶಬ್ದದೊಳಗೆ ನಾನು, ಅತ್ತೆ, ಮೈದುನ, ಗೋಡೆಯ ಹಲ್ಲಿ ಎಲ್ಲರೂ ಬಂದೆವು.

ಫೋಟೋಕ್ಕೆಂದು ಅತ್ತೆಯನ್ನು ವೇದಿಕೆಗೆ ಕರೆದರು. ಕಟ್ಟು ಹಾಕಿದ ಸರ್ಟಿಫಿಕೇಟನ್ನು ಅತ್ತೆ ಸೊಸೆ ಇಬ್ಬರ ಕೈಗೂ ಕೂಡಿಸಿ ಕೊಟ್ಟರು. ಫೋಟೋ ಆದ ಮೇಲೆ ನೆಗೆಣ್ಣಿಯನ್ನು ಜನ ಸುತ್ತುವರಿದರು. ಅತ್ತೆ ಅದನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು, ನೇರ ನನ್ನ ಹತ್ತಿರ ಬಂದು, ನನ್ನ ಮಡಿಲಲ್ಲಿ ಇಟ್ಟರು.

"ಓದು," ಎಂದರು.

ಓದಿದೆ. ಸಣ್ಣ ದನಿಯಲ್ಲಿ ಶುರುಮಾಡಿದ್ದೆ, ಜೋರಾಗಿ ಓದು ಎಂದರು. ಕ್ಲಾಸಿನಲ್ಲಿ ಓದುವ ಹಾಗೆ ಓದಿದೆ. ನೆಗೆಣ್ಣಿಯ ಹೆಸರು, ಅವಳ ಊರು, ಮೂಕಪ್ರಾಣಿಗಳ ಪ್ರಾಣ ಉಳಿಸಿದ್ದು, ಸಾಮಾಜಿಕ ಜಾಲತಾಣವನ್ನು ಸದ್ಬಳಕೆ ಮಾಡಿದ್ದು. ಮುಂದಿನ ಸಾಲಿನವರು ತಿರುಗಿ ನೋಡಿದರು. ಸಹಿಯವರೆಗೂ ಓದಿ ನಿಲ್ಲಿಸಿದೆ.

"ಮುಗೀತಾ?"

"ಮುಗೀತ್ರಿ ಅತ್ತಿ."

ಅತ್ತೆ ಕಟ್ಟನ್ನು ಹೊರಳಿಸಿ ಹಿಂದಿನ ರಟ್ಟನ್ನೂ ನೋಡಿದರು. ಅಲ್ಲಿ ಗೂಟಕ್ಕೆ ಹಾಕುವ ಕೊಂಡಿ ಬಿಟ್ಟರೆ ಏನೂ ಇರಲಿಲ್ಲ.

"ನಿನ್ನ ಹೆಸರೂ ಇಲ್ಲ, ಆಕಳ ಹೆಸರೂ ಇಲ್ಲ," ಎಂದರು. "ಮಳ್ಯಾಗ ನಿಂತವರು ನೀವಿಬ್ರೇ. ಏಳು, ಜಲ್ದಿ ನಡಿ, ಬಸ್ಸು ಹಿಡಿಯೂಣು. ಕತ್ತಲಾಗೂದ್ರಾಗ ಕೊಂಬು ಒರಸಬೇಕು."