ಬೆರಳ ಸಂದಿಯ ನೀರು

ಹನುಮಪ್ಪನನ್ನು ನಂಬಿದ ಎಲ್ಲರಿಗೂ ಮರಾಠಿ ಸೀಮೆಯ ದಹಿಸರ್‌ನಿಂದ ನನ್ನ ನಮಸ್ಕಾರ. ಹೋದ ವರ್ಷ ಶ್ರಾವಣದಲ್ಲಿ ನನ್ನ ಎಡಗಾಲು ಊದಿಕೊಂಡಿತು. ತಿಂಗಳಿಗೊಮ್ಮೆ ಚಳಿಜ್ವರ ಬಂದು ಕಾಲು ಧಗಧಗ ಉರಿಯುತ್ತಿತ್ತು. ನನ್ನದು ಮೊದಲೇ ಅನುಮಾನದ ಸ್ವಭಾವ. ಎದುರುಮನೆಯವಳು ಕೊಟ್ಟ ಹೋಳಿಗೆಯ ಮೇಲೂ ಸಂಶಯ ಬಂತು.

ಡಾಕ್ಟರು ಆನೆಕಾಲು ರೋಗವಿರಬಹುದು, ರಾತ್ರಿ ಹತ್ತರ ಮೇಲೆ ಬಂದು ರಕ್ತ ಕೊಡಿ ಎಂದರು.

"ಹಗಲಹೊತ್ತು ನನ್ನ ರಕ್ತ ಎಲ್ಲಿ ಹೋಗಿರ್ತದ್ರಿ?" ಎಂದು ಜಗಳ ತೆಗೆದೆ. ಆ ಹುಳುಗಳು ರಕ್ತದಲ್ಲಿ ಓಡಾಡುವುದು ರಾತ್ರಿಯೇ ಅಂತೆ. ನಾನು ನಂಬಲಿಲ್ಲ. ಮಗ ಎಳೆದುಕೊಂಡು ಹೋಗಿ ಕೊಡಿಸಿದ, ರೋಗ ಖಚಿತವಾಯಿತು. ಗುಳಿಗೆಯನ್ನೇನೋ ನುಂಗಿದೆ. ದಿನಾ ಕಾಲು ತೊಳೆದು ಒರೆಸಿಕೊಳ್ಳಿ ಎಂದಾಗ ಮಾತ್ರ ನಕ್ಕುಬಿಟ್ಟೆ. ಸಾಬೂನಿಗೆ ಬಗ್ಗುವ ರೋಗವೇ ಇದು?

ದೊಡ್ಡ ಸಂಕಟವೆಂದರೆ ಮೊಮ್ಮಗಳು ಅನ್ವಿ. ಮುಟ್ಟಿದರೆ ಅಂಟೀತೆಂದು ಅವಳನ್ನು ಹತ್ತಿರ ಬರಗೊಡಲಿಲ್ಲ. "ಅಜ್ಜಿ, ನೀನು ನನ್ನ ಮೇಲೆ ಗುಸ್ಸಾ ಇದೀಯಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ಹನುಮಪ್ಪಾ, ಕಾಲ ಬೇಕಾರ ತಗೋ, ಕೂಸಿನ್ನ ನನ್ನ ಮಡಿಲಿಗೆ ಕೊಡು" ಎಂದು ಅತ್ತೆ.

ಒಂದು ಶನಿವಾರ ಹಿತ್ತಾಳೆಯ ಹನುಮಪ್ಪನಿಗೆ ಸ್ನಾನ ಮಾಡಿಸಿ ಒರೆಸುತ್ತಿದ್ದಾಗ, ಕಾಲು ನೋಡಲೆಂದು ಆಸ್ಪತ್ರೆಯ ನರ್ಸಬಾಯಿ ಬಂದಳು. ಬೆಳಗಾವಿ ಕಡೆಯವಳು. ಏನು ಮಾರಲು ಬಂದಿದ್ದಾಳೋ ಎಂದುಕೊಂಡೆ. ಅವಳು ನನ್ನ ಕೈಯನ್ನೇ ನೋಡುತ್ತ ಕೇಳಿದಳು.

"ಕಾಕೂ, ಅಷ್ಟ್ಯಾಕ ತಿಕ್ಕಿ ತಿಕ್ಕಿ ಒರಸ್ತೀರಿ?"

"ಸಂದ್ಯಾಗ ನೀರ ನಿಂತ್ರ ಕಿಲುಬು ಹಿಡೀತದವ್ವಾ."

"ನಿಮ್ಮ ಕಾಲಬೆರಳ ಸಂದ್ಯಾಗೂ ಹಂಗ ಅದರಿ. ನೀರ ನಿಂತು ಚರ್ಮ ಒಡೀತದ, ಅಲ್ಲಿಂದನ ಜ್ವರ ಬರ್ತದ."

ಬಟ್ಟೆ ಕೆಳಗಿಟ್ಟು ನನ್ನ ಕಾಲಬೆರಳು ಬಿಡಿಸಿ ನೋಡಿಕೊಂಡೆ. ಆದರೂ ಕೇಳಿದೆ, "ಕೂಸಿಗೆ ಅಂಟಂಗಿಲ್ಲೇನು?"

"ಅಯ್ಯ, ಮುಟ್ಟಿದ್ರ ಬರೂದಿಲ್ರಿ, ಸೊಳ್ಳಿಯಿಂದ ಬರ್ತದ. ಸೊಳ್ಳಿಪರದೆ ಕಟ್ರಿ. ಸರ್ಕಾರದವರು ಗುಳಿಗಿ ಕೊಡಾಕ ಬಂದ್ರ ಮನಿಮಂದಿಗೆಲ್ಲಾ ನುಂಗಸ್ರಿ."

ಅಂದಿನಿಂದ ದಿನಾ ಕಾಲು ತೊಳೆದು, ಒರೆಸಿ, ದಿಂಬಿನ ಮೇಲೆ ಎತ್ತಿಟ್ಟುಕೊಳ್ಳುತ್ತೇನೆ. ಚಪ್ಪಲಿಯಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಊತ ಪೂರ್ತಿ ಇಳಿದಿಲ್ಲ, ಇಳಿಯದೆಯೂ ಇರಬಹುದು. ಜ್ವರ ಮಾತ್ರ ಆರು ತಿಂಗಳಿಂದ ಈ ಕಡೆ ಸುಳಿದಿಲ್ಲ. ಅಂದು ನರ್ಸಬಾಯಿಯ ಬಾಯಲ್ಲಿ ಆ ಮಾತು ಆಡಿಸಿದವನು ಹನುಮಪ್ಪನೇ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಈಗ ಕಾಲು ಒರೆಸುವ ಕೆಲಸ ಅನ್ವಿಯದು. "ಅಜ್ಜಿ, ಹಲೂ ನಕೋ, ಅಲುಗಾಡಬೇಡ" ಎಂದು ಗದರಿಸಿ ಒಂದೊಂದೇ ಬೆರಳು ಬಿಡಿಸಿ ಒರೆಸುತ್ತಾಳೆ. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಹೋಗುತ್ತಾಳೆ. ತೊಡೆ ಜೋಮು ಹಿಡಿದರೂ ನಾನು ಅಲುಗುವುದಿಲ್ಲ.