ಬಾಗಿಲು ಹಾಕಿಕೊಂಡು ಉಂಡ ಮುದ್ದೆ

ಮಳವಳ್ಳಿ ಕಡೆಯ ಕರಿಸಿದ್ದಯ್ಯನಿಗೆ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಸಿಕ್ಕಿದ್ದೇ ತಡ, ಮುದ್ದೆಯ ಮೇಲೆ ಮುನಿಸು ಬಂತು. ಕರೆಂಟು ತಯಾರಿಸುವವನು ರಾಗಿ ತಿಂದರೆ ಮರ್ಯಾದೆಯೇ? ಹೆಂಡತಿ ಚಿಕ್ಕಮಾದಮ್ಮ ಊರಿನಲ್ಲಿ ಅತ್ತೆಯ ಜೊತೆ ಹೊಲ ನೋಡಿಕೊಂಡಿದ್ದಳು. ಇವನು ಕ್ವಾರ್ಟರ್ಸಿನಲ್ಲಿ ಒಬ್ಬನೇ. ಬೆಳಗ್ಗೆ ಹೋಟೆಲಿನ ಪೂರಿ, ಮಧ್ಯಾಹ್ನ ಮಿಲ್ಲಿನ ಬಿಳಿ ಅಕ್ಕಿಯ ಅನ್ನದ ಗುಡ್ಡೆ, ಸಂಜೆ ಬೋಂಡ, ನಡುನಡುವೆ ಸಕ್ಕರೆ ಸುರಿದ ಕಾಫಿ. ಅಂಗಿಯ ಗುಂಡಿಗಳು ಒಂದೊಂದಾಗಿ ಕೈಬಿಟ್ಟವು. ಅದನ್ನೂ ಅವನು ನೌಕರಿಯ ಕಳೆ ಎಂದೇ ತಿಳಿದ.

ಕೇಂದ್ರ ಇದ್ದುದು ಕಣಿವೆಯ ತಳದಲ್ಲಿ. ಒಂದು ದಿನ ಕೆಲಸಗಾರರನ್ನು ಇಳಿಸಿ ಹತ್ತಿಸುವ ಟ್ರಾಲಿಯನ್ನು ಎಣ್ಣೆ ಹಾಕಲೆಂದು ನಿಲ್ಲಿಸಿದ್ದರು. ಕೆಲಸ ಮುಗಿಸಿದವರೆಲ್ಲ ಮೆಟ್ಟಿಲು ಹತ್ತಿ ಮೇಲೆ ಬಂದರು. ಕರಿಸಿದ್ದಯ್ಯ ಅರ್ಧದಲ್ಲೇ ಕುಕ್ಕರಿಸಿ, "ನೀವ್ ಓಗ್ರಪ್ಪ, ನಾನು ವಸಿ ಗಾಳಿ ತಗಂಡು ಬತ್ತೀನಿ" ಅಂದ. ಎಷ್ಟು ಹೊತ್ತಾದರೂ ಏಳಲಿಲ್ಲ. ಕೊನೆಗೆ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಏದುಸಿರು ಬಿಡುತ್ತಾ ಹೊತ್ತು ತಂದರು. ಎದುರಿಗೆ ಬಂದ ಮುದುಕಿಯೊಬ್ಬಳು ದೇವರ ಉತ್ಸವವೆಂದು ಕೈಮುಗಿದಳು.

ಸುದ್ದಿ ಊರು ಮುಟ್ಟಿತು. ಚಿಕ್ಕಮಾದಮ್ಮ ರಾಗಿ ಮೂಟೆ, ಹುರುಳಿಕಾಳು, ಬೀಸುವ ಕಲ್ಲಿನ ಸಮೇತ ಗಾಡಿಯಿಂದಿಳಿದಳು.

"ಬೀಸೋ ಕಲ್ಲ್ಯಾಕೆ ತಂದೆ? ಅಕ್ಕಪಕ್ಕದೋರು ಏನಂದ್ಕಂಡಾರು?"

"ಕುರ್ಚೀಲಿ ಒತ್ಕಂಡ್ ಬಂದಾಗ ಏನಂದ್ಕಂಡ್ರೋ ಅದ್ನೇ ಅಂದ್ಕತಾರೆ ಕಣಿ. ಬನ್ನಿ, ನೀವೇ ಬೀಸಿ. ನನ್ ಕೈ ನೋಯ್ತದೆ."

ಬೀಸಿದ. ಬೆವರಿದ. ಹಸಿದ. ಹುರುಳಿಕಾಳಿನ ಉಪ್ಪುಸಾರಿನಲ್ಲಿ ಬಿಸಿ ಮುದ್ದೆ ಅದ್ದಿ ನುಂಗಿದಾಗ ಕಣ್ಣಲ್ಲಿ ನೀರೇ ಬಂತು; ಖಾರಕ್ಕೆ ಎಂದ. ಆದರೂ ದಿನಾ ಬಾಗಿಲಿಗೆ ಅಗುಳಿ ಹಾಕಿಯೇ ಊಟ.

ಒಂದು ಮಧ್ಯಾಹ್ನ ಯಾರೋ ದಬದಬ ಬಾಗಿಲು ಬಡಿದರು. ತಟ್ಟೆಯನ್ನು ಮಂಚದ ಕೆಳಗೆ ತಳ್ಳಿ ಬಾಗಿಲು ತೆಗೆದರೆ, ಪಕ್ಕದ ಮನೆಯ ಮೇಸ್ತ್ರಿ ಮಾದಯ್ಯ!

"ಏನ್ಲಾ ಬಚ್ಚಿಟ್ಟೆ? ಉಪ್ಸಾರು ವಾಸ್ನೆ ನಮ್ಮನೆಗಂಟ ಬಂದದೆ. ನಮ್ಮೋಳು ಪ್ಯಾಟೆಯೋಳು, ಮುದ್ದೆ ಕಟ್ಟಾಕ್ ಬರಾಕಿಲ್ಲ ಕಣ್ಲಾ. ತಂಗ್ಯವ್ವಾ, ನಂಗೂ ಒಂದಿಕ್ಕವ್ವ!"

ಹೇಳುತ್ತಲೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಅಂದಿನಿಂದ ಊಟದ ಹೊತ್ತಿಗೆ ಆ ಮನೆಯ ಬಾಗಿಲು ಹಾರುಹೊಡೆದೇ ಇರುತ್ತಿತ್ತು.

ಕರಿಸಿದ್ದಯ್ಯನ ಹೊಟ್ಟೆ ಕರಗಿತು, ನಡಿಗೆ ಹಗುರಾಯಿತು. ಸುಗ್ಗಿ ಮುಗಿಸಿ ಮಗನನ್ನು ನೋಡಲು ಬಂದ ತಾಯಿ ಅಂಕಮ್ಮ ಮಾತ್ರ ಹೊಸ್ತಿಲಲ್ಲೇ ಎದೆ ಬಡಿದುಕೊಂಡಳು.

"ಅಯ್ಯೋ, ನನ್ ಮಗ ಸೊರಗೋದ್ನಲ್ಲಪ್ಪೋ! ಏನ್ ಕಾಯ್ಲೆ ಬಂತ್ಲಾ?"

"ಬಂದಿದ್ದು ಓಯ್ತು ಕಣವ್ವ" ಎಂದು ನಗುತ್ತಾ ಅವಳ ಗಂಟು ಇಸಿದುಕೊಂಡ. ಒಳಗೆ ಮಗನಿಗೆಂದು ತಂದ ತುಪ್ಪದ ಗಡಿಗೆ. ಅವ್ವನ ಸಮಾಧಾನಕ್ಕೆ ಅಂದು ಮುದ್ದೆಯ ಮೇಲೆ ತುಪ್ಪ ತುಸು ಜಾಸ್ತಿಯೇ ಬಿತ್ತು. ಚಿಕ್ಕಮಾದಮ್ಮ ನೋಡಿಯೂ ನೋಡದವಳಂತೆ ಸಾರು ಬಿಟ್ಟಳು.