ಯಜ್ಞನಾರಾಯಣ ಮಾಸ್ಟ್ರ ಕೊಚ್ಚಿ ದಂಡಯಾತ್ರೆ

ಕಾರ್ಕಳದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ಯಜ್ಞನಾರಾಯಣ ಮಾಸ್ಟ್ರನ್ನು ಜನ ಈಗ ನೆನಪಿಟ್ಟುಕೊಂಡಿರುವುದು ಗಣಿತಕ್ಕಾಗಿ ಅಲ್ಲ, ಶಾಲಾ ಪ್ರವಾಸಕ್ಕಾಗಿ. ಅವರ ಗಣಿತ ಅನೇಕರಿಗೆ ಅರ್ಥವಾಗಲಿಲ್ಲ. ಅವರ ಪ್ರವಾಸದಿಂದ ಮಾತ್ರ ಯಾರೂ ತಪ್ಪಿಸಿಕೊಳ್ಳಲು ಆಗಲಿಲ್ಲ. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಪಟ್ಟಿ, ಹಿಂದೆ ಅರುವತ್ತು ಮಕ್ಕಳು. ಮೈಸೂರು ಅರಮನೆಯ ಎದುರು ಅವರು ಹಾಜರಿ ಕರೆದದ್ದು ಕೇಳಿ ಬೇರೆ ಶಾಲೆಯ ಇಬ್ಬರು ಹುಡುಗರೂ 'ಎಸ್ ಸರ್' ಅಂದು ಸಾಲಿನಲ್ಲಿ ನಿಂತಿದ್ದರಂತೆ. ಒಂದು ಮಗುವೂ ಕಳೆದುಹೋಗಲಿಲ್ಲ, ಒಂದು ಟವೆಲೂ ಕಳೆದುಹೋಗಲಿಲ್ಲ. ಅದೇ ಶಾಲೆಯಲ್ಲಿ ಹನ್ನೆರಡು ವರ್ಷ ಅವರ ಜೊತೆಗಿದ್ದ ನಾನು ಇದಕ್ಕೆ ಸಾಕ್ಷಿ. ಮುಂದಿನ ಕತೆಗೆ ಸಾಕ್ಷಿ ಅವರ ಹೆಂಡತಿ ನರ್ಮದಕ್ಕ. ಅವರು ಉತ್ಪ್ರೇಕ್ಷೆ ಮಾಡುವವರಲ್ಲ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ನಿವೃತ್ತರಾಗಿ ಹಿರಿಯಡ್ಕದ ಮನೆಯಲ್ಲಿ ಕೂತ ಮಾಸ್ಟ್ರಿಗೆ ಮುನ್ನಡೆಸಲು ಯಾರೂ ಇರಲಿಲ್ಲ. ಆಗ ಹುಟ್ಟಿದವಳು ಮೊಮ್ಮಗಳು ಸಂಹಿತಾ. ಮಗಳು ವಿಭಾ ಅಲೆವೂರಿನಲ್ಲಿರುವುದು, ಮಣಿಪಾಲದ ಕಚೇರಿಯೊಂದರಲ್ಲಿ ಕೆಲಸ. ಮಗುವಿಗೆ ಒಂದು ವರ್ಷ ನಾಲ್ಕು ತಿಂಗಳಾಗುವಾಗ ಅವಳ ರಜೆಯೆಲ್ಲ ಮುಗಿದು, ಜೂನ್ ಒಂದಕ್ಕೆ ಹಾಜರಾಗಬೇಕು ಎಂದಾಯಿತು. ಹಗಲು ಮಗು ಎಲ್ಲಿ? ಮಣಿಪಾಲದ ಡೇಕೇರಿನಲ್ಲೋ, ಹಿರಿಯಡ್ಕದ ಅಜ್ಜನ ಮನೆಯಲ್ಲೋ?

ಮಾಸ್ಟ್ರು ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲಿಗೆ ಮರದ ಪುಟ್ಟ ಗೇಟು ಹಾಕಿಸಿದರು. ಬಾವಿಕಟ್ಟೆಯ ಸುತ್ತ ಬಲೆ ಕಟ್ಟಿಸಿದರು. ಒಂದು ದಿನಚರಿ ಬರೆದು ಗೋಡೆಗೆ ಅಂಟಿಸಿದರು. ಅದರಲ್ಲಿ ಎಂಟು ಪೀರಿಯಡ್ ಇದ್ದವು, ಮೂರನೆಯ ಪೀರಿಯಡ್ 'ಕಾಗೆ ವೀಕ್ಷಣೆ'.

ವಿಭಾ ಅದನ್ನೆಲ್ಲ ನೋಡಿ ನಕ್ಕಳು, ಒಪ್ಪಲಿಲ್ಲ. "ನೋಡುವ, ಅಪ್ಪ" ಅಂದಳು.

ನೋಡುವ ಸಂದರ್ಭ ಮೇ ತಿಂಗಳಲ್ಲಿ ಒದಗಿ ಬಂತು. ಕೊಚ್ಚಿಯಲ್ಲಿ ಮಾಸ್ಟ್ರ ತಂಗಿಯ ಮನೆ. ಭಾವನ ಅರುವತ್ತರ ಶಾಂತಿ ಅಲ್ಲಿ ಒಂದು ಶನಿವಾರ. ಅದೇ ವಾರ ವಿಭಾಳಿಗೆ ಕಚೇರಿಯಲ್ಲಿ ತರಬೇತಿ. ಮಗುವನ್ನು ನಾವೇ ಕರೆದುಕೊಂಡು ಹೋಗಿ ಬರುತ್ತೇವೆ ಎಂದರು ಮಾಸ್ಟ್ರು.

"ನಾಲ್ಕು ದಿನ ಅಪ್ಪ. ಅಲ್ಲಿ ಸೆಕೆ ಇಲ್ಲಿಗಿಂತ ಹೆಚ್ಚು. ಅವಳಿಗೆ ಶೀತ ಆದರೆ ಎದೆ ಗುರುಗುರು ಅನ್ನುತ್ತದೆ."

"ಅರುವತ್ತು ಮಕ್ಕಳನ್ನು ಕರೆದುಕೊಂಡು ಹೋದವ ನಾನು."

"ಅವರು ಮಾತಾಡುತ್ತಿದ್ದರು. ಇವಳಿಗೆ ಬರುವುದು ಆರು ಶಬ್ದ."

"ಆರರಲ್ಲಿ ಎರಡನೆಯದು ಅಜ್ಜ" ಎಂದರು ಮಾಸ್ಟ್ರು. ವಿಭಾ ಸೋತಳು. ಹೋಗುವಾಗ ತಂದೆಯ ಮುಖ ನೋಡಿ ಮೆಲ್ಲನೆ ಹೇಳಿದಳು: "ಇದು ಸರಿ ಹೋದರೆ ಡೇಕೇರು ಬೇಡ. ನಿಮ್ಮ ಹತ್ತಿರವೇ ಬಿಡುತ್ತೇನೆ." ಮಾಸ್ಟ್ರಿಗೆ ಕೊಚ್ಚಿ ಈಗ ಗೆಲ್ಲಲೇಬೇಕಾದ ಕೋಟೆಯಾಯಿತು.

ಟಿಕೆಟ್ ಸಿಕ್ಕಿದ್ದು ಗುರುವಾರಕ್ಕೆ. ಮಾಸ್ಟ್ರು ಪಂಚಾಂಗ ಬಿಡಿಸಿ ಗಾಬರಿಯಾದರು: ಗುರುವಾರ ದಕ್ಷಿಣಕ್ಕೆ ಶೂಲ, ಹೊರಡಬಾರದು. ಇದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು ಅಂತ. ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಒಂದು ಗಂಟನ್ನು ಹೋಗುವ ದಿಕ್ಕಿನ ನೆರೆಮನೆಯಲ್ಲಿ ಇಟ್ಟು ಬಂದರಾಯಿತು, ಪ್ರಯಾಣ ಆಗಲೇ ಶುರುವಾದಂತೆ. ಗ್ರಹಗಳು ಗಂಟನ್ನು ನೋಡುತ್ತವೆ, ಮನುಷ್ಯ ನಿಧಾನವಾಗಿ ಮರುದಿನ ಹೊರಡಬಹುದು.

ಯಾರ ಗಂಟು ಇಡುವುದು ಎಂಬಲ್ಲಿ ಮಾಸ್ಟ್ರ ತರ್ಕ ಎಚ್ಚರಗೊಂಡಿತು. ಈ ಯಾತ್ರೆಯ ಮುಖ್ಯ ಪ್ರಯಾಣಿಕಳು ಸಂಹಿತಾ. ಆದ್ದರಿಂದ ಅವಳದೇ ಚೀಲ ಹೋಗಬೇಕು.

"ನಿಮ್ಮ ಒಂದು ಪಂಚೆ ಇಟ್ಟರೆ ಸಾಕಿತ್ತು" ಎಂದರು ನರ್ಮದಕ್ಕ. ಚೀಲದಲ್ಲಿ ಡೈಪರು, ರಾಗಿ ಹುಡಿ, ಉಬ್ಬಸ ಬಂದರೆ ಕೊಡುವ ಇನ್ಹೇಲರು, ಅದಕ್ಕೆ ಸಿಕ್ಕಿಸುವ ಪುಟ್ಟ ಮಾಸ್ಕು, ಮಣಿಪಾಲದ ಡಾಕ್ಟರ ಚೀಟಿ ಎಲ್ಲ ಇತ್ತು.

"ಶಾಸ್ತ್ರಕ್ಕೆ ಅರ್ಧಂಬರ್ಧ ಮಾಡಬಾರದು" ಎಂದ ಮಾಸ್ಟ್ರು ಬುಧವಾರ ಬೆಳಗ್ಗೆ ಒಂಬತ್ತು ಹತ್ತಕ್ಕೆ ಚೀಲವನ್ನು ಎದೆಗವಚಿಕೊಂಡು ದಕ್ಷಿಣದ ಮೂರನೆಯ ಮನೆಗೆ ನಡೆದರು. ಅದು ಲೊರ್ನಾಬಾಯಿಯ ಮನೆ. ಹಿತ್ತಿಲಿನ ಹಲಸನ್ನೂ ಕ್ರಿಸ್‌ಮಸ್ ಹಬ್ಬದ ಕುಸ್ವಾರ್ ತಿಂಡಿಗಳನ್ನೂ ಇಪ್ಪತ್ತು ವರ್ಷಗಳಿಂದ ಇವರಿಗೆ ಕಳಿಸುತ್ತಾ ಬಂದವಳು.

"ಇದು ಇಲ್ಲಿದ್ದರೆ ಪಾಪು ಹೊರಟ ಹಾಗೆಯಾ ಮಾಸ್ಟ್ರೇ?"

"ಹೊರಟ ಹಾಗೆ."

"ಹಾಗಾದರೆ ಇವತ್ತು ಮಧ್ಯಾಹ್ನ ಇದಕ್ಕೆ ಊಟ ಹಾಕಬೇಕಾ?"

ಲೊರ್ನಾ ಚೀಲವನ್ನು ಏಸುವಿನ ಪಟದ ಕೆಳಗಿನ ಮೇಜಿನ ಮೇಲೆ ಇಟ್ಟಳು. ಮಾಸ್ಟ್ರಿಗೆ ಎರಡು ಕಡೆಯ ರಕ್ಷಣೆ ಸಿಕ್ಕಿದಂತಾಯಿತು.

ಮನೆಗೆ ಬಂದವರೇ ಸಾಮಾನಿನ ಪಟ್ಟಿ ತೆಗೆದರು. ಒಟ್ಟು ಏಳು ಗಂಟು. ನಾಲ್ಕನೆಯದು, ಮಗುವಿನ ಚೀಲ. ಅದು ಶಾಸ್ತ್ರಪ್ರಕಾರ ಹೊರಟಾಗಿದೆಯಲ್ಲ? ಎದುರಿಗೆ ಒಂದು ಸರಿ ಗುರುತು ಹಾಕಿದರು. ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿದ ಕೈ ಅದು.

ಗುರುವಾರ ಕೀರ್ತನನ ಕಾರು ಬಂತು. ಅವನು ಮಾಸ್ಟ್ರ ಹಳೆಯ ಶಿಷ್ಯ. ರೈಲು ಮಂಗಳೂರಿನಿಂದ, ಅದಕ್ಕೆ ಇನ್ನೂ ನಾಲ್ಕೂವರೆ ಗಂಟೆ ಇರುವಾಗಲೇ ಸೈನ್ಯ ಹೊರಟಿತು. ಪ್ರವಾಸದಲ್ಲಿ ಮುಖಂಡನ ಹತ್ತಿರ ಮಾತ್ರ ಫೋನ್ ಇರಬೇಕು ಎಂಬ ಹಳೆಯ ನಿಯಮದಂತೆ ನರ್ಮದಕ್ಕನ ಫೋನು ಮನೆಯಲ್ಲೇ ಉಳಿಯಿತು. ಗಂಟು ಎಣಿಸಿದರು. ಕೈಗೆ ಆರು ಸಿಕ್ಕವು, ಪಟ್ಟಿಯಲ್ಲಿ ಒಂದಕ್ಕೆ ಆಗಲೇ ಗುರುತು ಬಿದ್ದಿತ್ತು, ಒಟ್ಟು ಏಳು. ಕಾರು ಉತ್ತರದ ಮುಖ್ಯರಸ್ತೆಗೆ ತಿರುಗಿತು. ಲೊರ್ನಾಳ ಮನೆ ಬೆನ್ನ ಹಿಂದೆ ಉಳಿಯಿತು.

ಉಡುಪಿ ದಾಟಿದ ಮೇಲೆ ಫೋನು ಬಡಿದುಕೊಂಡಿತು. ಲೊರ್ನಾ. ಮಾಸ್ಟ್ರು ಕಟ್ ಮಾಡಿದರು. ಮತ್ತೆ ಬಂತು, ಮತ್ತೆ ಕಟ್.

"ಗಿಡಕ್ಕೆ ನೀರು ಬಿಡುವುದರ ಬಗ್ಗೆ ಇರಬೇಕು, ಎತ್ತಿ" ಎಂದರು ನರ್ಮದಕ್ಕ.

"ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ತಿರುಗಬಾರದು."

"ಫೋನಿಗೆ ಹಿಂದೆ ಮುಂದೆ ಎಂತ ಉಂಟು?"

"ಅವಳಿರುವುದು ಹಿರಿಯಡ್ಕದಲ್ಲಿ. ನಾವು ಉಡುಪಿ ದಾಟಿದ್ದೇವೆ. ಹಿಂದೆಯೇ ಆಯಿತಲ್ಲ?"

ಕನ್ನಡಿಯಲ್ಲಿ ಕೀರ್ತನನ ಮುಖ ಕಂಡಿತು. ನಗು ತಡೆದು ಅವನ ಕಿವಿ ಕೆಂಪಾಗಿತ್ತಂತೆ. ಮೂರನೆಯ ಸಲ ಫೋನು ಬಂದಾಗ ಮಾಸ್ಟ್ರು ಅದರ ಬಾಯಿಯನ್ನೇ ಮುಚ್ಚಿ ಜೇಬಿಗೆ ಹಾಕಿದರು.

ಕಾಪುವಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಸಂಹಿತಾಳ ಡೈಪರು ಬದಲಿಸುವ ಹೊತ್ತು. "ಪಾಪುವಿನ ಚೀಲ ಕೊಡಿ" ಎಂದರು ನರ್ಮದಕ್ಕ. ಮಾಸ್ಟ್ರು ಡಿಕ್ಕಿ ನೋಡಿದರು, ಸೀಟಿನ ಅಡಿ ನೋಡಿದರು, ಕೊನೆಗೆ ಪಟ್ಟಿ ನೋಡಿದರು. ಪಟ್ಟಿಯಲ್ಲಿ ಚೀಲ ಇತ್ತು.

"ಸರ್, ತಿರುಗಿಸಲಾ? ಮುಕ್ಕಾಲು ಗಂಟೆಯಲ್ಲಿ ಹಿರಿಯಡ್ಕ. ರೈಲಿಗೆ ಬೇಕಾದಷ್ಟು ಹೊತ್ತು ಉಂಟು" ಎಂದ ಕೀರ್ತನ.

"ಹೊರಟ ಮೇಲೆ ತಿರುಗುವುದಿಲ್ಲ."

"ಹಾಗಾದರೆ ಲೊರ್ನಾಳಿಗಾದರೂ ಫೋನ್ ಮಾಡಿ" ಎಂದರು ನರ್ಮದಕ್ಕ.

"ಹಿಂದಕ್ಕೆ ಫೋನ್ ಮಾಡುವುದೂ ತಿರುಗಿದ ಹಾಗೆಯೇ. ಡೈಪರು ಕಾಪುವಿನಲ್ಲಿಯೂ ಸಿಗುತ್ತದೆ."

"ಇನ್ಹೇಲರು?"

"ಅದು ಬೇಕಾಗುವುದಿಲ್ಲ" ಎಂದರು ಮಾಸ್ಟ್ರು.

ಆ ಹೊತ್ತಿಗೆ ಲೊರ್ನಾಳ ಗಂಡ ಡೆರಿಕ್ ಚೀಲವನ್ನು ಸ್ಕೂಟರಿನ ಮುಂದೆ ನೇತುಹಾಕಿಕೊಂಡು ಉದ್ಯಾವರದ ಸೇತುವೆ ದಾಟುತ್ತಿದ್ದ. ಎಲ್ಲಿ ನಿಂತಿದ್ದೀರಿ ಎಂದು ಕೇಳುವುದಕ್ಕೇ ಲೊರ್ನಾ ಫೋನಿನ ಮೇಲೆ ಫೋನು ಮಾಡುತ್ತಿದ್ದದ್ದು. ಅವನು ಕಾಪುವಿಗೆ ಬಂದು ಹೆದ್ದಾರಿಯ ಪಕ್ಕ ಅರ್ಧ ಗಂಟೆ ನಿಂತ, ಉತ್ತರವಿಲ್ಲದೆ ಚೀಲದೊಂದಿಗೆ ವಾಪಸಾದ. ಅವನು ಬಂದು ಮುಟ್ಟುವಾಗ ಇವರ ಕಾರು ಅಲ್ಲಿಂದ ಹೊರಟು ಹತ್ತು ನಿಮಿಷ ಆಗಿತ್ತಷ್ಟೆ. ಇದು ಮಾಸ್ಟ್ರಿಗೆ ಗೊತ್ತಾದದ್ದು ವಾರದ ಮೇಲೆ.

ಕೊಚ್ಚಿಯಲ್ಲಿ ಶುಕ್ರವಾರ ದಿಗ್ವಿಜಯದ ದಿನ. ಬೆವರಿನಲ್ಲಿ ಮಿಂದ ಅಜ್ಜ ಹೆಗಲ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಹಿನ್ನೀರಿನ ದೋಣಿ ತೋರಿಸಿದರು, ಹಡಗು ತೋರಿಸಿದರು. ಸಂಹಿತಾ ಇಡೀ ಅರಬ್ಬೀ ಸಮುದ್ರವನ್ನು 'ಬೌ ಬೌ' ಎಂದು ಗುರುತಿಸಿದಳು. ಅದು ಅವಳ ಮೂರನೆಯ ಶಬ್ದ. ಒಂದೊಂದು ಗಂಟೆಗೂ ವಿಭಾಳಿಗೆ ಒಂದು ಫೋಟೋ ಹೋಯಿತು. ಮನೆಗೆ ಬಂದರೆ ತಂಗಿಯ ಮನೆಯ ಏಸಿ, ಹೊರಗೆ ಬಂದರೆ ಕಾದ ಗಾಳಿ, ಮತ್ತೆ ಏಸಿ. ಸಂಜೆ ಮಗುವಿನ ಮೂಗು ಸೋರಿತು.

ಶನಿವಾರ ಬೆಳಗ್ಗೆ ಒಳಗೆ ಹೋಮ ಶುರುವಾಗುವಾಗ ಅವಳ ಎದೆ ಗುರುಗುರು ಅನ್ನುತ್ತಿತ್ತು. ನರ್ಮದಕ್ಕ ಮಗುವನ್ನು ಹೊಗೆಯಿಂದ ದೂರ, ಹಿಂದಿನ ಕೋಣೆಗೆ ಒಯ್ದರು.

"ವಿಭಾಗೆ ಫೋನ್ ಮಾಡಿ. ಮದ್ದಿನ ಹೆಸರು ಕೇಳುವ."

"ಮಾಡುವ. ಸ್ವಲ್ಪ ಆವಿ ಕೊಟ್ಟು ನೋಡುವ."

ಫೋನ್ ಮಾಡಿದರೆ ಚೀಲದ ಕತೆ ಹೇಳಬೇಕು. ಚೀಲದ ಕತೆ ಹೇಳಿದರೆ ಜೂನ್ ಒಂದು ಹೋಯಿತು. ಮಾಸ್ಟ್ರ ತಲೆಯಲ್ಲಿ ಗುಣಾಕಾರ ಅಷ್ಟಕ್ಕೇ ನಿಂತಿತು.

ಹತ್ತು ಗಂಟೆಗೆ ವಿಭಾಳೇ ಕರೆ ಮಾಡಿದಳು. "ಪಾಪು ಎಲ್ಲಿ ಅಪ್ಪ? ವಿಡಿಯೋದಲ್ಲಿ ತೋರಿಸಿ."

"ಈಗಷ್ಟೇ ಮಲಗಿದಳು" ಎಂದರು ಮಾಸ್ಟ್ರು. ಅವಳು ಐದಡಿ ದೂರದಲ್ಲಿ ಅಜ್ಜಿಯ ಭುಜದ ಮೇಲೆ ಬಾಯಿ ತೆರೆದು ಉಸಿರಾಡುತ್ತಿದ್ದಳು. ನರ್ಮದಕ್ಕ ಗಂಡನನ್ನು ನೋಡಿದರು. ಮಾಸ್ಟ್ರು ಹೋಮ ನೋಡಲು ಹೋದರು.

ಆ ನಾಲ್ಕು ಗಂಟೆಗಳ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಎರಡು ಗಂಟೆಗೆ ಮಗುವಿನ ಪಕ್ಕೆಲುಬು ಪ್ರತಿ ಉಸಿರಿಗೂ ಒಳಕ್ಕೆ ಜಗ್ಗುತ್ತಿತ್ತು. ಊಟದ ಪಂಕ್ತಿ ಬಿಟ್ಟು ತಂಗಿ ರಿಕ್ಷಾ ಕರೆಸಿದಳು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಲೇಡಿ ಡಾಕ್ಟರು ಮಲಯಾಳದಲ್ಲಿ ಕೇಳಿದ್ದನ್ನು ತಂಗಿ ಕನ್ನಡಕ್ಕೆ ದಾಟಿಸುತ್ತಿದ್ದಳು. ಮೊದಲು ಹೀಗೆ ಆಗಿತ್ತಾ? ಯಾವ ಮದ್ದು? ಎಷ್ಟು ಪಫ್? ಯಾವುದಾದರೂ ಮದ್ದು ಆಗಿಬರುವುದಿಲ್ಲವಾ?

ಸಾವಿರಾರು ಮಕ್ಕಳನ್ನು ಪ್ರಶ್ನೆ ಕೇಳಿ ನಿಲ್ಲಿಸಿದವರು ಆ ನಾಲ್ಕು ಪ್ರಶ್ನೆಗಳ ಎದುರು ನಿಂತರು.

ನರ್ಮದಕ್ಕ ಅವರ ಅಂಗಿಯ ಜೇಬಿಗೆ ಕೈ ಹಾಕಿ ಫೋನು ತೆಗೆದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಅದು ಮೊದಲ ಸಲ. "ವಿಭಾ, ಪಾಪುವಿಗೆ ಉಬ್ಬಸ. ಚೀಲ ಊರಲ್ಲೇ ಬಾಕಿ. ಡಾಕ್ಟರಿಗೆ ಕೊಡುತ್ತೇನೆ, ಮಾತಾಡು."

ವಿಭಾ ಎರಡು ನಿಮಿಷ ಮಾತಾಡಿದಳು. ಮೂರನೆಯ ನಿಮಿಷಕ್ಕೆ ಡಾಕ್ಟರ ಚೀಟಿಯ ಫೋಟೋ ಬಂದು ಬಿತ್ತು. ಅದು ಎಂದಿನಿಂದಲೂ ಅವಳ ಫೋನಿನಲ್ಲಿ ಇತ್ತು. ಪುಟ್ಟ ಮುಖಕ್ಕೆ ಮಾಸ್ಕು ಹಿಡಿದು ಔಷಧದ ಹೊಗೆ ಕೊಟ್ಟರು. ಸಂಜೆಯ ಹೊತ್ತಿಗೆ ಸಂಹಿತಾ ಡಾಕ್ಟರ ಸ್ಟೆತಾಸ್ಕೋಪನ್ನು ಎಳೆದು ಬಾಯಿಗೆ ಹಾಕಿಕೊಂಡಳು. ಎಲ್ಲರೂ ನಕ್ಕರು, ಮಾಸ್ಟ್ರನ್ನು ಬಿಟ್ಟು. ಅವರು ಮತ್ತೆ ಬಂದ ಕರೆಯನ್ನು ಕಿವಿಗೆ ಹಿಡಿದಿದ್ದರು.

"ಬೆಳಗ್ಗೆ ಹತ್ತು ಗಂಟೆಗೆ ಅವಳು ಮಲಗಿದ್ದಳಾ ಅಪ್ಪ?"

"ಇಲ್ಲ."

"ಸರಿ. ನಾಳೆಯ ಟಿಕೆಟ್ ನೋಡುತ್ತೇನೆ."

ಬೈಗುಳಕ್ಕೆ ಸಿದ್ಧರಾಗಿದ್ದ ಮಾಸ್ಟ್ರಿಗೆ ಅದು ಸಿಗಲೇ ಇಲ್ಲ.

ಮೇ ಕೊನೆಯ ವಾರ ಅವರು ಅಲೆವೂರಿಗೆ ಹೋಗಿ ಮಗಳ ಎದುರು ಕೂತರು. ಪಟ್ಟಿ ಹರಿದು ಹಾಕಿದ್ದೇನೆ ಅಂದರು. ಚೀಲ ಇನ್ನು ಎಂದೂ ಕೈ ಬಿಡುವುದಿಲ್ಲ, ಪಂಚಾಂಗವನ್ನು ಅಟ್ಟಕ್ಕೆ ಹಾಕಿದ್ದೇನೆ ಅಂದರು. ಕೊನೆಯದು ಸುಳ್ಳು, ಪಂಚಾಂಗ ದೇವರ ಕೋಣೆಯಲ್ಲೇ ಇತ್ತು. ಅದನ್ನೂ ತಕ್ಷಣ ತಿದ್ದಿಕೊಂಡರು.

"ಚೀಲದ ವಿಷಯ ಬಿಡಿ ಅಪ್ಪ. ಚೀಲ ನಾನೂ ಮರೆಯುತ್ತೇನೆ" ಎಂದಳು ವಿಭಾ. "ನಾನು ಆಫೀಸಿನಲ್ಲಿ ಕೂತು ಫೋನ್ ಮಾಡುತ್ತೇನೆ. ಅವಳು ಮಲಗಿದ್ದಾಳೆ ಅಂತ ನೀವು ಹೇಳುತ್ತೀರಿ. ನಿಜವಾಗಿ ಮಲಗಿದ್ದಾಳಾ ಅಂತ ಯೋಚನೆ ಮಾಡುತ್ತಾ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ."

ಮಾಸ್ಟ್ರು ಹೌದೆಂದು ತಲೆ ಆಡಿಸಿದರು. ಉತ್ತರ ಸರಿ ಇದ್ದಾಗ ಅವರು ತರಗತಿಯಲ್ಲಿಯೂ ಹಾಗೆಯೇ ಮಾಡುತ್ತಿದ್ದರು.

ಸಂಹಿತಾ ಜೂನ್ ಒಂದರಿಂದ ಮಣಿಪಾಲದ ಡೇಕೇರಿಗೆ ಹೋಗುತ್ತಾಳೆ. ಮಗುವನ್ನು ಯಾರು ಕರೆದೊಯ್ಯಬಹುದು ಎಂಬ ಅಲ್ಲಿನ ಕಾಗದದಲ್ಲಿ ವಿಭಾ, ಅವಳ ಗಂಡ ಅನಂತೇಶ, ನರ್ಮದಕ್ಕ, ಹೀಗೆ ಮೂರು ಹೆಸರು ಉಂಟು. ಮಂಗಳವಾರ ಮತ್ತು ಶುಕ್ರವಾರ ಅಜ್ಜ ಅಜ್ಜಿ ಹಿರಿಯಡ್ಕದಿಂದ ಬಸ್ಸಿನಲ್ಲಿ ಬರುತ್ತಾರೆ. ಅಜ್ಜಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗುತ್ತಾರೆ. ಅಜ್ಜ ವಾಚ್‌ಮನ್ನಿನ ಪಕ್ಕ ನಿಂತಿರುತ್ತಾರೆ. ವಾಚ್‌ಮನ್ ಗದಗದ ಕಡೆಯವನು, ಹೆಸರು ತಿಮ್ಮಣ್ಣ. "ನೀವು ಒಳಗ ಹೋಗಂಗಿಲ್ಲೇನ್ರಿ ಅಜ್ಜಾರ?" ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಮಾಸ್ಟ್ರು, "ನನ್ನ ಹೆಸರು ಪಟ್ಟಿಯಲ್ಲಿ ಇಲ್ಲ" ಅಂದರಂತೆ.

ಮೊನ್ನೆ ಶುಕ್ರವಾರ ನಾನೂ ಅಲ್ಲಿದ್ದೆ. ಮಗು ಗೇಟಿನ ಹೊರಗೆ ಬಂದು ಅಜ್ಜನ ಕಡೆಗೆ ಕೈ ಚಾಚಿತು. ಮಾಸ್ಟ್ರು ಎತ್ತಿಕೊಂಡು, ಅದರ ಎದೆಗೆ ಕಿವಿ ಇಟ್ಟು ಕೇಳಿ, ಇನ್ನೊಂದು ಕೈಯಲ್ಲಿ ಮಗಳಿಗೆ ಫೋನು ಹಚ್ಚಿದರು.

"ವಿಭಾ, ಪಾಪು ನನ್ನ ಕೈಯಲ್ಲಿದ್ದಾಳೆ. ಎರಡು ಸೀನು. ಮೂಗು ಒಣಗಿದೆ. ಎಡ ಮೊಣಕಾಲಿನಲ್ಲಿ ಸಣ್ಣ ತರಚು, ಅದು ಒಳಗೆಯೇ ಆದದ್ದು. ಎದೆಗೆ ಕಿವಿ ಇಟ್ಟು ನೋಡಿದೆ, ಸದ್ದಿಲ್ಲ."

"ಸರಿ ಅಪ್ಪ" ಎಂದಳು ವಿಭಾ. "ಅಮ್ಮನಿಗೆ ಕೊಡಿ."

ಮಾಸ್ಟ್ರು ಫೋನನ್ನು ನರ್ಮದಕ್ಕನ ಕೈಗಿತ್ತರು. ಆಕೆ ಅದನ್ನೇ ಮತ್ತೊಮ್ಮೆ, ಒಂದೊಂದಾಗಿ ಹೇಳತೊಡಗಿದರು.